ಪದಕದ ಮೇಲೆ 1919 ಯಾಕಿದೆ?

ಹಳೇ ಕಾಗದಪತ್ರ, ಇತಿಹಾಸದ ಪುಸ್ತಕ ಇಂಥವನ್ನ ಕನ್ನಡಕ್ಕೆ ಅನುವಾದ ಮಾಡೋದು ನನ್ನ ಕಸುಬು. ಮೊನ್ನೆ ಮೈಸೂರಿಂದ ಒಬ್ರು ವಾಟ್ಸಾಪಲ್ಲಿ ಒಂದು ಪದಕದ ಫೋಟೋ ಕಳಿಸಿದ್ರು. ಅವರ ಮುತ್ತಜ್ಜ ಮೈಸೂರು ಲ್ಯಾನ್ಸರ್ಸಲ್ಲಿ ಇದ್ರಂತೆ, ಅದೇ 1918ರ ಸೆಪ್ಟೆಂಬರ್ 23ಕ್ಕೆ ಜೋಧ್‌ಪುರದವರ ಜತೆ ಸೇರಿ ಈಗಿನ ಇಸ್ರೇಲಲ್ಲಿರೋ ಹೈಫಾ ಊರು ಹಿಡಿದ್ರಲ್ಲ, ಆ ಕುದುರೆ ದಳ. ಪದಕದ ಹಿಂದೆ ‘ದಿ ಗ್ರೇಟ್ ವಾರ್ ಫಾರ್ ಸಿವಿಲೈಸೇಶನ್ 1914-1919’ ಅಂತಿದೆ. “ಸಾರ್, ಯುದ್ಧ ಮುಗಿದಿದ್ದು 1918ಕ್ಕಲ್ವಾ, ಇದೇನು ಡೂಪ್ಲಿಕೇಟಾ?” ಅಂದ್ರು.

ಅಲ್ಲ, ಒರಿಜಿನಲ್ಲೇ. 1918ರ ನವೆಂಬರ್ 11ಕ್ಕೆ ಗುಂಡಿನ ಸದ್ದು ನಿಂತ್ರೂ ಜರ್ಮನಿ ಜತೆ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1919ರ ಜೂನ್ 28ಕ್ಕೆ. ಆಮೇಲೆ ಪದಕದಲ್ಲಿ ‘ಮೊದಲನೇ’ ಅನ್ನೋ ಮಾತೇ ಇಲ್ಲ ನೋಡಿ, ಎರಡನೇದು ಬರುತ್ತೆ ಅಂತ ಯಾರು ತಾನೇ ಅಂದ್ಕೊಂಡಿದ್ರು! ರೆಪಿಂಗ್ಟನ್ ಅನ್ನೋ ಬ್ರಿಟಿಷ್ ಪತ್ರಕರ್ತ ಮಾತ್ರ 1920ಕ್ಕೇ ತನ್ನ ಪುಸ್ತಕಕ್ಕೆ ‘ಮೊದಲನೇ ವರ್ಲ್ಡ್ ವಾರ್’ ಅಂತ ಹೆಸರಿಟ್ಟುಬಿಟ್ಟ.

ನಮ್ಮ ‘ಮಹಾಯುದ್ಧ’ ಆ ಗ್ರೇಟ್ ವಾರ್‌ಗೆ ಸರಿಯಾಗಿ ಕೂತ್ಕೊಳ್ಳುತ್ತೆ. ಇಂಗ್ಲಿಷಲ್ಲಿ ಆಮೇಲೆ ಗ್ರೇಟ್ ಹೋಗಿ ವರ್ಲ್ಡ್ ಬಂತು, ನಾವು ಮಹಾ ಬಿಡಲೇ ಇಲ್ಲ, ನಂಬರ್ ಸೇರಿಸ್ಕೊಂಡ್ವಿ ಅಷ್ಟೆ. ಅಮೆರಿಕಾದಲ್ಲಿ ‘ವರ್ಲ್ಡ್ ವಾರ್ ಟೂ’ ಅಂತ ಅಧ್ಯಕ್ಷ ಟ್ರೂಮನ್ ಅಧಿಕೃತವಾಗಿ ಒಪ್ಪಿದ್ದು 1945ರ ಸೆಪ್ಟೆಂಬರಲ್ಲಿ, ಎಲ್ಲಾ ಮುಗಿದ ಮೇಲೆ!

ಪೇಚಾಡೋದು ಹಿಟ್ಲರನ ಜರ್ಮನಿ ಜತೆ ಮಾಡಿದ ಯುದ್ಧಕ್ಕೆ ರಷ್ಯಾದವರು ಇಟ್ಕೊಂಡ ಹೆಸರು ಬಂದಾಗ. ‘ಗ್ರೇಟ್ ಪೇಟ್ರಿಯಾಟಿಕ್ ವಾರ್’ ಅನ್ನೋದನ್ನ ಕಣ್ಮುಚ್ಕೊಂಡು ‘ಮಹಾ ದೇಶಭಕ್ತಿ ಯುದ್ಧ’ ಅಂತ ಬರೆಯೋರಿದ್ದಾರೆ, ಓದಿದ್ರೆ ಶಾಲೆ ಭಾಷಣ ಸ್ಪರ್ಧೆ ಇದ್ದಂಗಿರುತ್ತೆ. ರಷ್ಯನ್ ಪದದಲ್ಲಿರೋದು ಭಕ್ತಿ ಅಲ್ಲ, ನಾಡು, ಮನೆಗೆ ನುಗ್ಗಿದವನನ್ನ ಓಡಿಸೋ ಯುದ್ಧ. 1812ರಲ್ಲಿ ನೆಪೋಲಿಯನ್ ನುಗ್ಗಿದ್ದಕ್ಕೂ ಅದೇ ಪದ ಇತ್ತು, ‘ಮಹಾ’ ಆಮೇಲೆ ಸೇರ್ಕೊಂಡಿದ್ದು. ನಾನು ‘ತಾಯ್ನಾಡಿನ ಮಹಾಯುದ್ಧ’ ಅಂತ ಬರೀತೀನಿ. ಎರಡನೇ ಮಹಾಯುದ್ಧ ಅಂತ ಬರೆದ್ರೆ ಏನಾಗುತ್ತೆ ಅಂತೀರಾ, ತಪ್ಪಾಗುತ್ತೆ, ಯಾಕಂದ್ರೆ ಅವರ ಲೆಕ್ಕ ಶುರುವಾಗೋದು ಜರ್ಮನಿ ಅವರ ಮೇಲೆ ನುಗ್ಗಿದ 1941ರ ಜೂನ್ 22ರಿಂದ, ಅಂದ್ರೆ 1939ರಲ್ಲಿ ಸೋವಿಯತ್ ಸೇನೆ ಪೋಲೆಂಡಿಗೂ ಫಿನ್ಲೆಂಡಿಗೂ ನುಗ್ಗಿದ್ದು ಆ ಹೆಸರಿನ ಹೊರಗೇ ಉಳ್ಕೊಳ್ಳುತ್ತೆ, ಅನುವಾದಕ ಅದನ್ನ ಒಳಗೆ ಎಳ್ಕೊಂಡು ಬರೋ ಹಾಗಿಲ್ಲ.

ಚೀನಾದವರದ್ದು ‘ಜಪಾನ್ ವಿರುದ್ಧದ ಪ್ರತಿರೋಧ ಯುದ್ಧ’. ಮೊದಲು ಎಂಟು ವರ್ಷದ್ದು ಅಂತಿದ್ರು, 2017ರಲ್ಲಿ ಪಠ್ಯಪುಸ್ತಕ ತಿದ್ದಿ 1931ರಿಂದ ಎಣಿಸಿ ಹದಿನಾಲ್ಕು ಮಾಡಿದ್ರು. ಜಪಾನ್ ಸರ್ಕಾರ 1941ರ ಡಿಸೆಂಬರಲ್ಲಿ ‘ಮಹಾ ಪೂರ್ವ ಏಷ್ಯಾ ಯುದ್ಧ’ ಅಂತ ಹೆಸರಿಡ್ತು, 1945ರ ಡಿಸೆಂಬರಲ್ಲಿ, ಸೋತ ಜಪಾನಲ್ಲಿ ಆಡಳಿತ ನಡೆಸ್ತಿದ್ದ ಅಮೆರಿಕನ್ನರು ಸರ್ಕಾರಿ ಕಾಗದದಲ್ಲಿ ಆ ಹೆಸರು ಬಳಸಬಾರದು ಅಂತ ಆರ್ಡರ್ ಮಾಡಿದ್ರು.

ಮೈಸೂರಿನವರು ಪದಕಕ್ಕೆ ಫ್ರೇಮ್ ಹಾಕಿಸ್ತಾರಂತೆ, ಕೆಳಗೆ ಕನ್ನಡದಲ್ಲಿ ಬರಹ ಬೇಕಂತೆ. ‘ನಾಗರಿಕತೆಗಾಗಿ ಮಹಾಯುದ್ಧ, 1914-1919’ ಅಂತ ಕೊಟ್ಟೆ. ಮಕ್ಕಳಿಗೆ ಗೊತ್ತಾಗಲ್ಲ, ‘ಮೊದಲನೇ’ ಸೇರಿಸಿ ಸಾರ್ ಅಂದ್ರು. ಬೇಕಿದ್ರೆ ಫ್ರೇಮಿನ ಹಿಂದೆ ಬರೆಸಿ ಅಂದೆ.