ಹಿಟ್ ಹಾಡಿಗಿಂತ ಮುಂಚಿನವು ಎಲ್ಲಿವೆ?

ಒಂದೇ ಹಾಡಿನಿಂದ ಹೆಸರಾದ ಸಂಗೀತಗಾರರು ನನ್ನಂಥ ಆಪ್ತಸಮಾಲೋಚಕರನ್ನು ಹುಡುಕಿಕೊಂಡು ಬರುವಾಗ ಸಾಮಾನ್ಯವಾಗಿ ಆ ಹಾಡು ಇನ್ನೂ ಓಡುತ್ತಲೇ ಇರುತ್ತದೆ. ಜನ ಮರೆತರು ಎಂಬುದಲ್ಲ ಅವರ ಸಂಕಟ. ಹೆಸರೆಲ್ಲ ಹಾಡಿಗೇ ಹೋಯಿತು, ತಮಗೇನೂ ಉಳಿಯಲಿಲ್ಲ ಎಂಬುದು. ಒಬ್ಬ ಗಾಯಕರು ಹೇಳಿದರು: ಆರಂಭದ ಗಿಟಾರ್ ಕೇಳಿದ್ದೇ ತಡ, ಸಭಾಂಗಣದ ತುಂಬ ಫೋನ್‌ಗಳು ಮೇಲೇಳುತ್ತವೆ. ಎರಡನೇ ಚರಣದ ಹೊತ್ತಿಗೆ ಅವು ಕೆಳಗಿಳಿದು, ಹಿಂದಿನ ಸಾಲಿನವರು ಬಾಗಿಲ ಕಡೆ ಸರಿಯುತ್ತಿರುತ್ತಾರೆ. ಅದಕ್ಕೇ ಅದನ್ನು ಕಾರ್ಯಕ್ರಮದ ಕೊನೆಗೆ ಇಡುತ್ತಾರೆ. ಇಟ್ಟರೆ, ಅದಕ್ಕೂ ಮುಂಚಿನ ಹಾಡುಗಳನ್ನೆಲ್ಲ ಜನ ಸಹಿಸಿಕೊಂಡು ಕೂತಿರುತ್ತಾರೆ, ಅಷ್ಟೆ.

ದುಡ್ಡಿನ ಮಾತೂ ಇದೆ. ಮ್ಯೂಸಿಕ್ ಕಂಪನಿ ಕೊಟ್ಟ ಮುಂಗಡ ಸಾಮಾನ್ಯವಾಗಿ ಗಾಯಕರ ರಾಯಲ್ಟಿಯಲ್ಲೇ, ಅಂದರೆ ಹಾಡಿನ ಗಳಿಕೆಯಿಂದ ಅವರಿಗೆ ಬರುವ ಪಾಲಿನಲ್ಲೇ, ಮುರಿದುಕೊಳ್ಳುವಂಥದ್ದು. ರೆಕಾರ್ಡಿಂಗ್ ಖರ್ಚೂ ಅನೇಕ ಸಲ ಅದೇ ಲೆಕ್ಕಕ್ಕೆ ಸೇರುತ್ತದೆ. ಹಾಡು ಬರೆದವರು ಬೇರೆಯವರಾದರೆ ಆ ಪಾಲೂ ಇವರದಲ್ಲ. ನೆಂಟರಿಷ್ಟರು ಮಾತ್ರ ಕೋಟ್ಯಧಿಪತಿ ಎಂದುಕೊಂಡಿರುತ್ತಾರೆ! ನಿದ್ದೆ ಕೆಟ್ಟು ಕುಡಿತ ಹೆಚ್ಚಿದ್ದರೆ ಮನೋವೈದ್ಯರ ಬಳಿ ಕಳಿಸುತ್ತೇನೆ. ಜೊತೆಗೇ ಒಪ್ಪಂದದ ಪ್ರತಿಯನ್ನು ವಕೀಲರಿಗೆ ತೋರಿಸಿ ಎಂದೂ ಹೇಳುತ್ತೇನೆ. ಸಮಾಲೋಚಕರಿಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಇರಲಿ.

ಇನ್ನು ಕಮ್‌ಬ್ಯಾಕ್. ಹೇಗೆ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಅಂಥದ್ದೇ ಇನ್ನೊಂದು ಹಾಡು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಆಗ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಸಂಶೋಧಕ ಜಸ್ಟಿನ್ ಬರ್ಗ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ದಶಕಗಳ ಹಾಡುಗಳನ್ನು ಜಾಲಾಡಿತು. ಮೊದಲ ಹಿಟ್ ಸಿಗುವ ಹೊತ್ತಿಗೆ ಹೊಸತನದ, ಬಗೆಬಗೆಯ ಹಾಡುಗಳನ್ನು ಮಾಡಿಟ್ಟುಕೊಂಡವರಿಗೆ ಮುಂದೆಯೂ ಹಿಟ್‌ಗಳು ಸಿಗುವ ಸಂಭವ ಹೆಚ್ಚಿತ್ತು. ಹಿಟ್ ಆದ ಮೇಲೆ ಎಲ್ಲರೂ ಅದರಂಥದ್ದನ್ನೇ ಕೇಳುತ್ತಾರೆ, ಹೊಸದನ್ನು ಹುಡುಕಲು ಬಿಡುವುದಿಲ್ಲ. ಆದ್ದರಿಂದ ಮೊದಲೇ ಮಾಡಿಟ್ಟದ್ದೇ ಬಂಡವಾಳ.

ಹಾಗಾಗಿ ನಾನು ಹಿಟ್‌ಗಿಂತ ಹಳೆಯದನ್ನು ತರಲು ಹೇಳುತ್ತೇನೆ: ಅರೆಬರೆ ಡೆಮೊ, ನೋಟ್‌ಬುಕ್, ಯಾರಿಗೂ ಕೇಳಿಸದ ಟ್ಯೂನ್. ಮೊದಲು ಹೇಳಿದ ಆ ಗಾಯಕರು ತಂದದ್ದರಲ್ಲಿ ಬಹುಪಾಲು ಕಳಪೆ. ಅವರೇ ನಕ್ಕರು. ಆದರೆ ಒಂದು ನಿಧಾನಗತಿಯ ಹಾಡು ಬಂದಾಗ ನಗು ನಿಂತು, ಚರಣ ಎಲ್ಲಿ ಎಡವಿದೆ ಎಂದು ವಿವರಿಸತೊಡಗಿದರು. ಅಲ್ಲಿಯವರೆಗೆ ಅವರ ಬಾಯಲ್ಲಿ ಬರೀ ಚಾರ್ಟು, ವ್ಯೂಸು.

ಮರಳುವುದು ವೇದಿಕೆಗೇ ಆಗಬೇಕೆಂದಿಲ್ಲ. ಅಮೆರಿಕದ 4 ನಾನ್ ಬ್ಲಾಂಡ್ಸ್ ಎಂಬ ರಾಕ್ ತಂಡ 1993ರ ಒಂದು ಹಾಡಿಗಷ್ಟೇ ನೆನಪಾಗುತ್ತದೆ. ಅದರ ಗಾಯಕಿ ಲಿಂಡಾ ಪೆರಿ ಮುಂದೆ ಪಿಂಕ್, ಕ್ರಿಸ್ಟಿನಾ ಅಗ್ವಿಲೇರಾರಂಥ ಗಾಯಕಿಯರು ಹಾಡಿದ ದೊಡ್ಡ ಹಿಟ್‌ಗಳನ್ನು ಬರೆದರು. ಹೆಚ್ಚಾಗಿ ಒಂದೇ ಹಾಡಿಗೆ ನೆನಪಾಗುವ ಇನ್ನೊಂದು ತಂಡ ಸೆಮಿಸಾನಿಕ್‌ನ ಡ್ಯಾನ್ ವಿಲ್ಸನ್ ಗಾಯಕಿ ಅಡೆಲ್ ಜೊತೆ ಕೂತು ಬರೆದ ಹಾಡು 2011ರಲ್ಲಿ ಹಲವು ದೇಶಗಳ ಪಟ್ಟಿಯ ತುದಿಗೇರಿತು. ಎಲ್ಲರಿಗೂ ಹೀಗಾಗುವುದಿಲ್ಲ, ನಿಜ. ಪಾಠ ಹೇಳಿಕೊಡುತ್ತ, ಚಿಕ್ಕ ಸಭೆಗಳಲ್ಲಿ ಹಾಡುತ್ತ ನೆಮ್ಮದಿಯಾಗಿರುವವರನ್ನೂ ಕಂಡಿದ್ದೇನೆ.

ನಾನು ಗಟ್ಟಿಯಾಗಿ ಬೇಡವೆನ್ನುವುದು ಒಂದಕ್ಕೆ ಮಾತ್ರ: ಕಮ್‌ಬ್ಯಾಕ್‌ಗೆ ದಿನಾಂಕ ಗೊತ್ತುಮಾಡಿ, ಮನೆ ಅಡವಿಟ್ಟು, ಹಳೇ ಹಿಟ್‌ನ ನಕಲನ್ನು ಆಲ್ಬಂ ಮಾಡುವುದು. ಆ ಮಾತು ಬಂದಾಗ ಮನೆಯವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತೇನೆ.