ಮೊಳೆ ಹೊಡೆಯೋ ಹಾಗಿಲ್ಲದ ಬಾಡಿಗೆ ಮನೆಯಲ್ಲಿ ಸಾಮಾನು ಎಲ್ಲಿಡೋದು?

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ ನಮ್ಮದು. ನಾಲ್ಕು ಜನ ಇದ್ದೇವೆ. ಅಡುಗೆಮನೆ ಚಿಕ್ಕದು. ಸಜ್ಜಾ ತುಂಬಿದೆ, ಮಂಚದ ಕೆಳಗೂ ತುಂಬಿದೆ. ಊರಿಂದ ಅತ್ತೆ-ಮಾವ ಬಂದಾಗಲೆಲ್ಲ ರಾಗಿ, ಅಕ್ಕಿ, ತೆಂಗಿನಕಾಯಿ ಮೂಟೆಗಟ್ಟಲೆ ತರುತ್ತಾರೆ. ಗೋಡೆಗೆ ಒಂದು ಮೊಳೆಯೂ ಹೊಡೆಯಬಾರದು ಅಂತ ಓನರ್ ಆಂಟಿ ಮೊದಲೇ ಹೇಳಿದ್ದಾರೆ. ಇನ್ನೊಂದು ಬೀರು ತಗೊಳ್ಳೋಣ ಅಂತ ನಾನು, ಅದನ್ನು ಇಡೋದೆಲ್ಲಿ ಅಂತ ನಮ್ಮ ಮನೆಯವರು. ಯಾರು ಹೇಳೋದು ಸರಿ?

ಉತ್ತರ: ಇಬ್ಬರೂ ಸರಿ ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಈ ಸಲ ನನ್ನ ಓಟು ನಿಮ್ಮ ಮನೆಯವರಿಗೆ. ಬೀರು ಬೇಡ, ಈಗಲೇ ಅಂತೂ ಬೇಡ.

ಮೊದಲು ಒಂದು ಟೇಪ್ ತಗೊಂಡು ಅಳತೆ ಮಾಡಿ. ಸಾಮಾನ್ಯವಾಗಿ ಕಬ್ಬಿಣದ ಬೀರು ಆರೂವರೆ ಅಡಿ ಎತ್ತರ, ಮೂರಡಿ ಅಗಲ ಇರುತ್ತದೆ. ಒಳಗೆ ಹೋಗುವುದು ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ. ಎಲ್ಲ ಸೇರಿ ಸುಮಾರು 30 ಘನ ಅಡಿ ಜಾಗ. ಈಗ ನಿಮ್ಮ ಮಂಚ ನೋಡಿ. ಆರೂವರೆ ಅಡಿ ಉದ್ದ, ಐದಡಿ ಅಗಲದ ಡಬಲ್ ಕಾಟ್ ಕೆಳಗೆ ಒಂದಡಿ ಎತ್ತರ ಇದ್ದರೂ ಸಾಕು, ಅಲ್ಲೂ ಅಷ್ಟೇ ಜಾಗ, ಅಂದರೆ ಒಂದು ಪೂರ್ತಿ ಬೀರು. ಈಗಿರುವ ಬೀರುವಿನ ಮೇಲ್ಭಾಗದಿಂದ ತಾರಸಿವರೆಗೆ, ಹತ್ತಡಿ ಎತ್ತರದ ಕೋಣೆಯಾದರೆ, ಮೂರೂವರೆ ಅಡಿ ಉಳಿಯುತ್ತದೆ. ಅದು ಅರ್ಧ ಬೀರು. ಇನ್ನು ಸಜ್ಜಾ. ನಮ್ಮ ಕಡೆ 30×40 ಅಡಿ ಸೈಟಿನ ಮನೆಗಳಲ್ಲಿ ಬಾಗಿಲ ಮೇಲೆ, ಏಳಡಿ ಎತ್ತರದಲ್ಲಿ ಸಜ್ಜಾ ಹಾಕಿರುತ್ತಾರೆ. ಹತ್ತಡಿ ಉದ್ದದ ಗೋಡೆಗೆ ಎರಡಡಿ ಅಗಲದ ಸಜ್ಜಾ ಇದ್ದರೆ, ಅದರ ದಪ್ಪ ಕಳೆದರೂ 50 ಘನ ಅಡಿಗಿಂತ ಜಾಸ್ತಿ ಸಿಗುತ್ತದೆ. ಹಾಗಾದರೆ ಜಾಗ ಇಲ್ಲ ಅಂತ ಯಾಕೆ ಅನಿಸುತ್ತದೆ? ಇರುವ ಜಾಗವೆಲ್ಲ ಆಳದ ಜಾಗ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಹಿಂದಿರುವ ಡಬ್ಬ ಬೇಕು ಅಂದರೆ ಮುಂದಿನ ನಾಲ್ಕನ್ನು ಕೆಳಗಿಳಿಸಬೇಕು. ಇಳಿಸುವ ತಾಪತ್ರಯಕ್ಕೆ ಹೆದರಿ ನಾವು ಅಂಗಡಿಗೆ ಹೋಗಿ ಅದೇ ವಸ್ತು ಇನ್ನೊಂದು ತರುತ್ತೇವೆ. ಮನೆಯಲ್ಲಿ ಮೂರು ಸ್ಕ್ರೂಡ್ರೈವರ್, ಎರಡು ಇಡ್ಲಿ ಕುಕ್ಕರ್ ಸೇರಿಕೊಳ್ಳೋದು ಹೀಗೇ.

ಅದಕ್ಕೆ ನಾನು ಹೇಳೋದು ಒಂದೇ ಮಾತು. ವರ್ಷಕ್ಕೊಮ್ಮೆ ಬೇಕಾಗುವುದು ಆಳದ ಜಾಗಕ್ಕೆ ಹೋಗಲಿ, ದಿನಾ ಬೇಕಾಗುವುದು ತೆಳ್ಳಗಿನ ಜಾಗಕ್ಕೆ ಬರಲಿ. ತೆಳ್ಳಗಿನ ಜಾಗ ಅಂದರೆ ಒಂದು ಸಾಮಾನಿನ ಹಿಂದೆ ಇನ್ನೊಂದು ಹಿಡಿಯದಂಥದ್ದು. ಬೀರು ತಂದರೆ ಇನ್ನೊಂದು ಆಳದ ಜಾಗ ಆಗುತ್ತದೆ ಅಷ್ಟೇ. ಜೊತೆಗೆ ಬಾಗಿಲು ತೆರೆಯೋಕೆ ಮುಂದೆ ಒಂದೂವರೆ ಅಡಿ ನೆಲ ಬಿಡಬೇಕು.

ಸಜ್ಜಾದಿಂದ ಶುರು ಮಾಡಿ. ಒಂದು ಭಾನುವಾರ ಎಲ್ಲ ಕೆಳಗಿಳಿಸಿ. ಧೂಳು ಬೀಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಖಾಲಿ ಡಬ್ಬಗಳು ಎಷ್ಟು ಸಿಗುತ್ತವೆ ನೋಡಿ! ಟಿವಿ ಡಬ್ಬ, ಮಿಕ್ಸಿ ಡಬ್ಬ, ಫೋನಿನ ಡಬ್ಬ. ಮನೆ ಬದಲಾಯಿಸುವಾಗ ಬೇಕಾಗುತ್ತದೆ ಅಂತ ಇಟ್ಟಿರುತ್ತೇವೆ. ಬಾಡಿಗೆ ಮನೆಯವರಿಗೆ ಟಿವಿ ಡಬ್ಬ, ಅದರೊಳಗಿನ ಥರ್ಮಾಕೋಲ್ ನಿಜವಾಗಿಯೂ ಬೇಕು, ಒಪ್ಪುತ್ತೇನೆ. ಉಳಿದ ರಟ್ಟಿನ ಡಬ್ಬಗಳನ್ನು ಬಿಚ್ಚಿ ಚಪ್ಪಟೆ ಮಾಡಿ, ಒಂದು ಕಟ್ಟು ಕಟ್ಟಿ ಬೀರುವಿನ ಮೇಲಕ್ಕೆ ಸರಿಸಿ, ಇಲ್ಲವೇ ಹಳೇ ಪೇಪರ್ ಅಂಗಡಿಗೆ ಹಾಕಿ. ವಾರಂಟಿಗೆ ಮುಖ್ಯವಾಗಿ ಬೇಕಾಗೋದು ಬಿಲ್ಲು. ಅದನ್ನು ಫೋಟೋ ತೆಗೆದು ಇಟ್ಟುಕೊಳ್ಳಿ. ಕೆಟ್ಟ ಚಾರ್ಜರ್, ಹಳೇ ಫೋನು, ಸುಟ್ಟ ಮಿಕ್ಸಿ ಮೋಟಾರು ಇವನ್ನೆಲ್ಲ ಒಣಕಸದ ಜೊತೆ ಸೇರಿಸಬೇಡಿ. ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಿ.

ಮತ್ತೆ ಮೇಲೇರಿಸುವಾಗ ಯೋಚನೆ ಮಾಡಿ ಏರಿಸಿ. ದಸರಾ ಗೊಂಬೆ ಇದ್ದರೆ ಅದಕ್ಕೆ ಸಜ್ಜಾಗಿಂತ ಒಳ್ಳೇ ಜಾಗ ಇಲ್ಲ. ವರ್ಷದಲ್ಲಿ ಒಂಬತ್ತು-ಹತ್ತು ದಿನ ಕೆಳಗೆ, ಉಳಿದ ದಿನ ಮೇಲೆ. ಪಟ್ಟದ ಗೊಂಬೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ನಡುವೆ ಇಡಿ, ಮಣ್ಣಿನ ಗೊಂಬೆಗಳಿಗೆ ಒಂದೊಂದಕ್ಕೂ ಪೇಪರ್ ಸುತ್ತಿ. ಹಬ್ಬಕ್ಕೆ ಮಾತ್ರ ಇಳಿಯುವ ಹಿತ್ತಾಳೆ ಪಾತ್ರೆ, ದೊಡ್ಡ ಕೊಳದಪ್ಪಲೆ, ನೆಂಟರು ಬಂದಾಗಿನ ಹೆಚ್ಚುವರಿ ಹಾಸಿಗೆ, ಸೂಟ್‌ಕೇಸು ಇವೂ ಮೇಲಕ್ಕೆ. ಸೂಟ್‌ಕೇಸನ್ನು ಖಾಲಿ ಇಡಬೇಡಿ. ಚಿಕ್ಕದು ದೊಡ್ಡದರೊಳಗೆ, ಚಿಕ್ಕದರೊಳಗೆ ಸ್ವೆಟರು, ಮಂಕಿ ಕ್ಯಾಪು. ಪ್ರತಿ ಪೆಟ್ಟಿಗೆಯ ಮುಂದಿನ ಮುಖಕ್ಕೆ ಕಾಗದ ಅಂಟಿಸಿ, ದಪ್ಪ ಅಕ್ಷರದಲ್ಲಿ ಒಳಗೇನಿದೆ ಅಂತ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಕೆಳಗೆ ನಿಂತವರಿಗೆ ಕಾಣಲ್ಲ. ಕೊನೆಗೆ ಫೋನಿನಲ್ಲಿ ಇಡೀ ಸಜ್ಜಾದ ಫೋಟೋ ತೆಗೆದುಕೊಳ್ಳಿ. ಏಣಿಯ ಮೇಲೆ ನಿಂತು ಸುಲಭವಾಗಿ ಎತ್ತಲಾಗದ ಭಾರದ ಪೆಟ್ಟಿಗೆಯನ್ನು ಮೇಲಿಡಲೇ ಬೇಡಿ. ಹಬ್ಬದ ಹಿಂದಿನ ದಿನ ಸೊಂಟ ಹಿಡಿದುಕೊಂಡರೆ ಹೋಳಿಗೆ ಮಾಡೋರ್ಯಾರು?

ನಿಮ್ಮದು ಕೊನೇ ಮಹಡಿಯ ಮನೆಯಾದರೆ ಒಂದು ಎಚ್ಚರಿಕೆ. ತಾರಸಿಗೆ ಬಿಸಿಲು ಬಿದ್ದು ಸಜ್ಜಾದೊಳಗೆ ಕಾವು ಜಾಸ್ತಿ. ಮಳೆಗಾಲದಲ್ಲಿ ಸೋರಿದರೆ ಮೊದಲು ನೆನೆಯೋದೂ ಅಲ್ಲೇ. ಹಳೇ ಫೋಟೋ ಆಲ್ಬಮ್, ಮದುವೆ ಸೀರೆ, ಮನೆಯ ಕಾಗದಪತ್ರ ಅಲ್ಲಿಡಬೇಡಿ. ಕಿಟಕಿಯ ಹೊರಗಿನ ಸಜ್ಜಾ ಮೇಲಂತೂ ಏನೂ ಬೇಡ, ಹೂಕುಂಡವೂ ಬೇಡ. ಗಾಳಿ ಬಂದರೆ ಕೆಳಗೆ ನಡೆಯುವವರ ತಲೆಯ ಮೇಲೇ ಬೀಳುತ್ತದೆ.

ಈಗ ಅಡುಗೆಮನೆ. ನಿಜವಾದ ಜಾಗ ಕಳೆದುಹೋಗಿರೋದು ಇಲ್ಲೇ. ಹಳೇ ಬಾಡಿಗೆ ಮನೆಗಳಲ್ಲಿ ಕಡಪ ಕಲ್ಲಿನ ಶೆಲ್ಫ್ ಇರುತ್ತದಲ್ವಾ, ಅದರ ಮುಂದೆ ಕೂತು ನೋಡಿ. ಒಂದು ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಒಂದೂಕಾಲು ಅಡಿಯಷ್ಟು ಅಂತರ. ಅಲ್ಲಿಟ್ಟಿರುವ ತೊಗರಿಬೇಳೆ ಡಬ್ಬದ ಎತ್ತರ ಏಳು ಇಂಚು. ಡಬ್ಬದ ಮೇಲಿನ ಅರ್ಧ ಬರೀ ಗಾಳಿ. ಜಾಗ ಬೇಕು ಅಂತ ಡಬ್ಬದ ಮೇಲೆ ಡಬ್ಬ ಪೇರಿಸುತ್ತೇವೆ, ಕೆಳಗಿನದು ಬೇಕಾದಾಗ ಬೈದುಕೊಳ್ಳುತ್ತೇವೆ. ಅದರ ಬದಲು ಪ್ರತಿ ಖಾನೆಯ ಹಿಂದಿನ ಅರ್ಧಕ್ಕೆ ಒಂದು ಸ್ಟೀಲ್ ಸ್ಟ್ಯಾಂಡ್ ಇಡಿ, ಆರೇಳು ಇಂಚು ಎತ್ತರದ್ದು, ಕಾಲಿನ ಮೇಲೆ ನಿಲ್ಲುವಂಥದ್ದು. ಹಿಂದಿನ ಸಾಲು ಮೇಲೆ ನಿಲ್ಲುತ್ತದೆ, ಮುಂದಿನ ಸಾಲು ಕೆಳಗೆ. ಎರಡೂ ಕಣ್ಣಿಗೆ ಕಾಣುತ್ತವೆ. ಸ್ಟ್ಯಾಂಡ್‌ನ ಕೆಳಗೆ ಉಳಿಯುವ ಕತ್ತಲ ಜಾಗಕ್ಕೆ ಅಪರೂಪಕ್ಕೆ ಬಳಸುವ ಚಕ್ಕುಲಿ ಒರಳು, ಶಾವಿಗೆ ಒರಳು ಹೋಗಲಿ. ಸ್ಟ್ಯಾಂಡ್ ಸಿಗಲಿಲ್ಲವಾ? ಒಂದು ಹಲಗೆ, ಎರಡು ಬದಿಗೆ ಎರಡು ಇಟ್ಟಿಗೆ, ಮೇಲೆ ರೆಕ್ಸಿನ್. ಓನರ್‌ಗೂ ತಕರಾರಿಲ್ಲ.

ಕಟ್ಟೆಯ ಕೆಳಗೆ ಎರಡಡಿ ಆಳ ಇರುತ್ತದೆ. ಅಲ್ಲಿ ಸಾಮಾನನ್ನು ಬಿಡಿಯಾಗಿ ಇಡಬೇಡಿ. ಉದ್ದನೆಯ ಪ್ಲಾಸ್ಟಿಕ್ ಟ್ರೇಗಳಲ್ಲಿಡಿ. ಟ್ರೇ ಎಳೆದರೆ ಹಿಂದಿನದೂ ಮುಂದೆ ಬರುತ್ತದೆ. ಸ್ವಂತ ಮನೆಯವರು ಪೂರ್ತಿ ಹೊರಗೆ ಎಳೆಯಬಹುದಾದ ಟ್ಯಾಂಡಂ ಡ್ರಾಯರ್ ಹಾಕಿಸಿ ದುಡ್ಡು ಸುರಿಯುವುದು ಈ ಕೆಲಸಕ್ಕೇ.

ಸಿಲಿಂಡರ್ ಇರುವ ಖಾನೆಯನ್ನು ಮಾತ್ರ ಮುಟ್ಟಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಹರಡಿ ನಿಲ್ಲುತ್ತದೆ. ಅಲ್ಲಿ ಹಳೇ ಬಟ್ಟೆ, ಪ್ಲಾಸ್ಟಿಕ್ ಕವರ್ ಕಟ್ಟು ತುಂಬಿ ಗಾಳಿ ಆಡುವ ಕಿಂಡಿ ಮುಚ್ಚಿದರೆ ವಾಸನೆಯೂ ಬೇಗ ಗೊತ್ತಾಗಲ್ಲ. ಯುಪಿಎಸ್ ಬ್ಯಾಟರಿಯೂ ಹಾಗೇ. ಚಾರ್ಜ್ ಆಗುವಾಗ ನೀರು ಹಾಕುವ ಬ್ಯಾಟರಿಗಳಿಂದ ಹೈಡ್ರೋಜನ್ ಹೊರಬರುತ್ತದೆ. ಅದರ ಮೇಲೆ ಪೇಪರ್ ರಾಶಿ ಹಾಕೋದು, ಮುಚ್ಚಿದ ಪೆಟ್ಟಿಗೆಯಲ್ಲಿಡೋದು ಎರಡೂ ತಪ್ಪು.

ಊರಿನ ಮೂಟೆಗಳ ವಿಷಯಕ್ಕೆ ಬರೋಣ. ಪ್ರಶ್ನೆ ಓದುವಾಗ ನನಗೆ ಇದೇ ಮುಖ್ಯ ಅನಿಸಿತು. ಎಲ್ಲ ಮೂಟೆಯೂ ಒಂದೇ ಥರ ಅಲ್ಲ. ರಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡಲ್ಲ, ಹುಳುವಿನ ಕಾಟವೂ ಕಡಿಮೆ. ಹಳೇ ಮೈಸೂರು ಕಡೆ ನೆಲದಡಿ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಹಾಗಾಗಿ ರಾಗಿಯನ್ನು ಬಿಗಿ ಮುಚ್ಚಳದ ಡ್ರಮ್ಮಿಗೆ ಹಾಕಿ, ಮನೆಯ ಯಾವ ಮೂಲೆಗಾದರೂ ತಳ್ಳಿ. ಬೆಂಗಳೂರಿನ ಎಷ್ಟೋ ಹಾಲ್‌ಗಳಲ್ಲಿ ಟೇಬಲ್ ಕ್ಲಾತ್ ಹೊದ್ದು ಸೈಡ್ ಟೇಬಲ್ ಆಗಿರುವ ಡ್ರಮ್ಮಿನೊಳಗೆ ರಾಗಿಯೇ ಇರೋದು. ಅಕ್ಕಿ ಹಾಗಲ್ಲ, ಬೇಗ ನುಸಿ ಹಿಡಿಯುತ್ತದೆ. ಅದು ಕೈಗೆ ಸಿಗುವಲ್ಲೇ ಇರಲಿ. ಒಂದು ತಿಂಗಳಿಗಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಅಕ್ಕಪಕ್ಕದವರಿಗೆ ಕೊಡಿ. ಅತ್ತೆಯವರಿಗೆ ಮುಂದಿನ ಸಲ ಅಕ್ಕಿ ಕಡಿಮೆ, ರಾಗಿ ಜಾಸ್ತಿ ತನ್ನಿ ಅಂತ ಹೇಳಿದರೆ ಬೇಜಾರು ಮಾಡಿಕೊಳ್ಳಲ್ಲ, ಬೇಡ ಅಂದರೆ ಮಾಡಿಕೊಳ್ಳುತ್ತಾರೆ. ತೆಂಗಿನಕಾಯಿಯನ್ನು ಜುಟ್ಟು ಬಿಟ್ಟು ಸುಲಿಸಿ ತರಲಿ, ಬೋಳು ಕಾಯಿಗಿಂತ ಜಾಸ್ತಿ ದಿನ ಬರುತ್ತದೆ. ಅದನ್ನು ಡಬ್ಬದಲ್ಲಿ ಮುಚ್ಚಿಡಬೇಡಿ. ಯುಟಿಲಿಟಿಯಲ್ಲಿ ಗಾಳಿ ಆಡುವ ಬುಟ್ಟಿಯಲ್ಲಿಡಿ.

ಮಂಚದ ಕೆಳಗೆ ಚಕ್ರ ಇರುವ ಚಪ್ಪಟೆ ಪೆಟ್ಟಿಗೆ ಇಡಿ. ದಿನಾ ಕಸ ಗುಡಿಸಿ ನೆಲ ಒರೆಸುವ ಮನೆಯಲ್ಲಿ ಚಕ್ರ ಇಲ್ಲದ ಪೆಟ್ಟಿಗೆ ಇಟ್ಟರೆ ಅದರ ಹಿಂದೆ ಧೂಳು ಗುಡ್ಡೆಯಾಗುತ್ತದೆ. ರಟ್ಟಿನ ಡಬ್ಬ ಅಂತೂ ನೆಲದ ಮೇಲೆ ಬೇಡವೇ ಬೇಡ. ಅದು ಜಿರಳೆಗೆ ಮನೆ. ಕೆಳಮಹಡಿಯಲ್ಲಿ ಗೋಡೆಗೆ ತಾಗಿದ್ದರೆ ಗೆದ್ದಲಿಗೂ ದಾರಿ. ಬೀರುವನ್ನೂ ಹೊರಗೋಡೆಗೆ ಅಂಟಿಸಬೇಡಿ, ಎರಡಿಂಚು ಬಿಡಿ. ಜೂನ್‌ನಿಂದ ನವೆಂಬರ್‌ವರೆಗೆ ಮಳೆ ಬಿಟ್ಟು ಬಿಟ್ಟು ಹೊಡೆಯುವ ಊರು ಇದು. ಗೋಡೆ ಥಂಡಿ ಹಿಡಿದರೆ ಒಳಗಿನ ಬಟ್ಟೆಗೆ ಬೂಷ್ಟು ಬರುತ್ತದೆ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಹತ್ತಿ ಬಟ್ಟೆಯಲ್ಲಿ ಸುತ್ತಿ. ನುಸಿಗುಳಿಗೆ ಹಾಕುವುದಾದರೆ ಜರಿಗೆ ತಾಗದ ಹಾಗೆ ಬೇರೆ ಗಂಟಿನಲ್ಲಿ ಕಟ್ಟಿಡಿ.

ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಬೀರು ಬದಲು ಸ್ಲಾಟೆಡ್ ಆಂಗಲ್ ರ್ಯಾಕ್ ತಗೊಳ್ಳಿ. ಅಂಗಡಿಯವರು ಡಬ್ಬ ಇಡೋಕೆ ಬಳಸುವ ತೂತು ತೂತಿನ ಕಬ್ಬಿಣದ ರ್ಯಾಕ್. ನೋಡೋಕೆ ಚೆಂದ ಇಲ್ಲ, ಅದಕ್ಕೊಂದು ಪರದೆ ಸಾಕು. ಮೊಳೆ ಬೇಡ, ತಾನಾಗಿ ನಿಲ್ಲುತ್ತದೆ. ಖಾನೆಗಳನ್ನು ನಿಮಗೆ ಬೇಕಾದ ಎತ್ತರಕ್ಕೆ ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಮನೆ ಬಿಟ್ಟು ಹೋಗುವಾಗ ಬಿಡಿಬಿಡಿ ಮಾಡಿ ತಗೊಂಡು ಹೋಗಬಹುದು. ಕಲಾಸಿಪಾಳ್ಯ, ಎಸ್‌ಜೆಪಿ ರಸ್ತೆ ಕಡೆ ವಿಚಾರಿಸಿ. ಗುಜರಿಯಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಅಂಗಡಿಯವರು 18 ಇಂಚು ಆಳದ್ದು ತೋರಿಸಿ ಜಾಸ್ತಿ ಹಿಡಿಯುತ್ತದೆ ಮೇಡಂ ಅನ್ನಬಹುದು. ನೀವು 12 ಇಂಚಿನದ್ದನ್ನೇ ಕೇಳಿ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮಕ್ಕಳು ಹತ್ತುವ ಮನೆಯಾದರೆ ರ್ಯಾಕನ್ನು ಕಿಟಕಿ ಪಕ್ಕ ನಿಲ್ಲಿಸಿ, ಮೇಲಿನ ಕಂಬಿಯನ್ನು ತಂತಿಯಿಂದ ಕಿಟಕಿ ಗ್ರಿಲ್ಲಿಗೆ ಬಿಗಿಯಾಗಿ ಕಟ್ಟಿ.

ಅಂಟಿಸುವ ಕೊಕ್ಕೆಗಳು ಟೈಲ್ಸ್ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಡಿಸ್ಟೆಂಪರ್ ಗೋಡೆಗೆ ಹಾಕಿದರೆ ಬಣ್ಣದ ಸಮೇತ ಕಿತ್ತು ಬರುತ್ತವೆ. ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆ ಇನ್ನೂ ವಾಸಿ. ಕೊಡೆ, ಬ್ಯಾಗು, ಮಳೆಯ ಜಾಕೆಟ್ಟು ಎಲ್ಲ ಬಾಗಿಲ ಹಿಂದೆ. ಚಪ್ಪಲಿ ಸ್ಟ್ಯಾಂಡನ್ನು ಮಾತ್ರ ಮೆಟ್ಟಿಲ ದಾರಿಗೆ ದೂಡಬೇಡಿ. ಬೆಂಕಿ ಬಿದ್ದರೆ ಎಲ್ಲರೂ ಇಳಿಯಬೇಕಾದ ದಾರಿ ಅದು.

ಇನ್ನು ಓನರ್ ಆಂಟಿ. ಹಿಂದಿನ ಬಾಡಿಗೆದಾರರು ಹೊಡೆದ ಮೊಳೆ, ತೂತು ಎಲ್ಲೆಲ್ಲಿವೆ ನೋಡಿ. ಅವನ್ನು ಬಳಸೋಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ. ಅಡುಗೆಮನೆಯ ಒಂದು ಗೋಡೆಗೆ ತಟ್ಟೆ ಸ್ಟ್ಯಾಂಡ್ ಹಾಕೋಕೆ ನಾಲ್ಕು ತೂತು ಅಂತ ಕೇಳಿ, ಎಲ್ಲಿ ಅಂತ ತೋರಿಸಿ ಕೇಳಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನಲ್ಲಿ ಬಹಳ ಕಡೆ ಇರುವ ಪದ್ಧತಿ. ನಿಮ್ಮ ಅಗ್ರಿಮೆಂಟ್‌ನಲ್ಲೂ ಹಾಗಿದ್ದರೆ ಆ ದುಡ್ಡಿನಲ್ಲೇ ಆ ತೂತುಗಳೂ ಮುಚ್ಚುತ್ತವೆ ಅಂತ ನೆನಪಿಸಿ. ಒಪ್ಪಿದರೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿಸಿಕೊಂಡು, ಆಮೇಲೆ ಡ್ರಿಲ್ ಹುಡುಗನನ್ನು ಕರೆಸಿ.