ಕುರಿ ಈಯಲಾರದೆ ತಿಣುಕುವಾಗ: ಎಳೆಯುವ ಮೊದಲು ಒಳಗೆ ತಳ್ಳಿ

ಮರಿ ಸಿಕ್ಕಿಕೊಂಡಿದೆ ಎಂದು ಗೊತ್ತಾದ ಕೂಡಲೇ ಕೈಗೆ ಸಿಕ್ಕ ಕಾಲು ಹಿಡಿದು ಎಳೆಯುವುದು ಹಟ್ಟಿಗಳಲ್ಲಿ ಸಾಮಾನ್ಯ. ಮರಿ ಸಾಯುವುದಕ್ಕೂ ತಾಯಿಯ ಗರ್ಭಕೋಶ ಹರಿಯುವುದಕ್ಕೂ ಈ ಆತುರವೇ ದೊಡ್ಡ ಕಾರಣ. ತಪ್ಪು ಭಂಗಿಯಲ್ಲಿರುವ ಮರಿಯನ್ನು ಎಷ್ಟು ಎಳೆದರೂ ಅದು ಸೊಂಟದ ಮೂಳೆಗೆ ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟೇ. ಅದನ್ನು ಹಿಂದಕ್ಕೆ ತಳ್ಳಿ ಜಾಗ ಮಾಡಿಕೊಂಡರೆ ಮಾತ್ರ ಮಡಚಿದ ಕಾಲನ್ನೋ ತಿರುಗಿದ ತಲೆಯನ್ನೋ ಸರಿಪಡಿಸಲು ಸಾಧ್ಯ.

ಮೊದಲು, ಯಾವಾಗ ಕೈ ಹಾಕಬಾರದು ಎಂಬುದು. ಕುರಿ ಸುಮಾರು 147ರಿಂದ 150 ದಿನಕ್ಕೆ ಈಯುತ್ತದೆ. ಬೇನೆ ಶುರುವಾದಾಗ ಮಂದೆಯಿಂದ ದೂರ ಹೋಗಿ ನೆಲ ಕೆರೆಯುತ್ತದೆ, ಮಲಗಿ ಎದ್ದು ಮಾಡುತ್ತದೆ, ಮೇವು ಬಿಡುತ್ತದೆ. ಗರ್ಭದ ಬಾಯಿ ತೆರೆಯುವ ಈ ಹಂತ 2ರಿಂದ 6 ಗಂಟೆ ಹಿಡಿಯಬಹುದು, ಚೊಚ್ಚಲ ಕುರಿಗೆ ಇನ್ನೂ ಹೆಚ್ಚು. ಆಗ ಸುಮ್ಮನಿರಬೇಕು. ನೀರಿನ ಚೀಲ ಕಾಣಿಸಿಕೊಂಡು, ಜೋರಾಗಿ ತಿಣುಕಲು ಶುರುಮಾಡಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಾದರೂ ಮರಿ ಮುಂದೆ ಬಾರದಿದ್ದರೆ ಕೈ ಹಾಕಿ ನೋಡುವ ಸಮಯ. ಬಾಲ, ಒಂದೇ ಕಾಲು, ಅಥವಾ ಕಾಲಿಲ್ಲದೆ ಬರೀ ತಲೆ ಕಂಡರೆ ಅಷ್ಟು ಹೊತ್ತೂ ಕಾಯಬೇಡಿ.

ಬೇಕಾಗುವ ಸಾಮಾನು ಒಂದು ಚೀಲದಲ್ಲಿ ಹಿಡಿಯುತ್ತದೆ. ಸುಮಾರು ಎರಡು ಮೊಳ ಉದ್ದದ ಮೂರು ಹತ್ತಿ ಲಾಡಿಗಳು, ಅಂದರೆ ಪೈಜಾಮಕ್ಕೆ ಹಾಕುವ ಅಗಲ ಹೆಣಿಗೆಯವು. ಇವು ಚರ್ಮಕ್ಕೆ ಕಚ್ಚುವುದಿಲ್ಲ. ಮೇವು ಕಟ್ಟುವ ನೈಲಾನ್ ಹುರಿ ಬೇಡವೇ ಬೇಡ, ಅದು ಎಳೆ ಕಾಲನ್ನು ಎಲುಬಿನವರೆಗೆ ಕೊಯ್ಯುತ್ತದೆ. ಒಂದು ಲಾಡಿಯ ತುದಿಗೆ ಒಂದು ಗಂಟು, ಇನ್ನೊಂದಕ್ಕೆ ಎರಡು ಗಂಟು ಹಾಕಿಟ್ಟರೆ ಯಾವುದು ಯಾವ ಕಾಲಿನದು ಎಂದು ಕತ್ತಲೆಯಲ್ಲೂ ತಿಳಿಯುತ್ತದೆ. ತಲೆಗೆ ಕುಣಿಕೆ ಹಾಕಲು ಪ್ಲಾಸ್ಟಿಕ್ ಹೊದಿಕೆ ಇರುವ ಒಂದು ಮೀಟರ್ ವಿದ್ಯುತ್ ವೈರ್ ಲಾಡಿಗಿಂತ ಅನುಕೂಲ. ಸ್ವಲ್ಪ ಬಿಗುವಿರುವುದರಿಂದ ಅದನ್ನು ಒಳಗೆ ತಳ್ಳಿ ಕಿವಿಯ ಹಿಂದೆ ಕೂರಿಸಬಹುದು. ಲಾಡಿಗಳನ್ನು 20 ನಿಮಿಷ ಕುದಿಸಿಡಿ, ವೈರನ್ನು ಪೊವಿಡೋನ್ ಅಯೋಡಿನ್ ಬೆರೆಸಿದ ನೀರಿನಲ್ಲಿ ನೆನೆಸಿ. ಇವುಗಳ ಜೊತೆ ಉದ್ದನೆಯ ಕೈಗವಸು, ಅರ್ಧ ಲೀಟರ್ ಲಿಕ್ವಿಡ್ ಪ್ಯಾರಾಫಿನ್, 50 ಎಂಎಲ್ ಸಿರಿಂಜ್, ಅದಕ್ಕೆ ಕೂರುವ ಮೆತ್ತನೆಯ ನಳಿಗೆ, ಟಿಂಚರ್ ಅಯೋಡಿನ್ ಮತ್ತು ಹಳೆಯ ಬಟ್ಟೆ ಇರಲಿ. ಪ್ಯಾರಾಫಿನ್ ಸಿಗದಿದ್ದರೆ ಆಗಷ್ಟೇ ಒಡೆದ ಪ್ಯಾಕೆಟ್ಟಿನ ಕೊಬ್ಬರಿ ಎಣ್ಣೆ ನಡೆಯುತ್ತದೆ. ಸೋಪಿನ ನೊರೆ ಹೊರಗೆ ತೊಳೆಯಲು ಮಾತ್ರ. ಒಳಗೆ ಹಾಕಿದರೆ ಇರುವ ಜಾರುವಿಕೆಯೂ ಹೋಗಿ ಗರ್ಭದ ದಾರಿ ಊದಿಕೊಳ್ಳುತ್ತದೆ.

ಉಗುರು ಕತ್ತರಿಸಿ, ಉಂಗುರ ಬಳೆ ತೆಗೆದು, ಮೊಣಕೈವರೆಗೆ ತೊಳೆದು ಕೈಗವಸು ಹಾಕಿಕೊಳ್ಳಿ. ಬಂಡೂರಿನಂಥ ಗಿಡ್ಡ ಕುರಿಯ ಸೊಂಟದೊಳಗೆ ದಪ್ಪ ಕೈ ಹೋಗುವುದಿಲ್ಲ, ಮನೆಯಲ್ಲಿ ಯಾರ ಕೈ ಸಣ್ಣದೋ ಅವರೇ ಮುಂದಾಗಲಿ. ಆದರೆ ಬಸುರಿ ಹೆಂಗಸರು ಈಯುವ ಕುರಿಯ ಹತ್ತಿರವೂ ಬರಬಾರದು. ಬ್ರುಸೆಲ್ಲಾ, ಕ್ಯೂ ಜ್ವರ, ಟಾಕ್ಸೋಪ್ಲಾಸ್ಮಾದಂಥ ರೋಗಾಣುಗಳು ಈಯುವಾಗ ಬರುವ ನೀರು, ಕಸದಲ್ಲಿ (ಅಂದರೆ ಮಾಸಿನಲ್ಲಿ) ಇರಬಹುದು.

ಕುರಿಯನ್ನು ಮಲಗಿಸಿ, ಹಿಂಭಾಗ ಎತ್ತರದಲ್ಲಿರುವಂತೆ ಇಳಿಜಾರು ನೋಡಿಕೊಳ್ಳಿ. ಇನ್ನೊಬ್ಬರು ಹಿಂಗಾಲು ಹಿಡಿದು ಸೊಂಟ ಎತ್ತಿದರೆ ಇನ್ನೂ ಒಳ್ಳೆಯದು, ಮರಿ ಹೊಟ್ಟೆಯೊಳಕ್ಕೆ ಜಾರಿ ಕೈಗೆ ಜಾಗವಾಗುತ್ತದೆ. ಎಣ್ಣೆ ಹಚ್ಚಿದ ಐದೂ ಬೆರಳನ್ನು ಕೂಡಿಸಿ ಮೊನೆ ಮಾಡಿ, ನಿಧಾನಕ್ಕೆ ಒಳಗೆ ಹಾಕಿ. ಕುರಿ ತಿಣುಕುವಾಗ ಕೈ ಅಲ್ಲಾಡಿಸದೆ ನಿಲ್ಲಿಸಿ, ಬೇನೆ ಸಡಿಲವಾದಾಗ ಮುಂದುವರಿಸಿ.

ಕೈಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ? ಗೊರಸಿನಿಂದ ಮೇಲಕ್ಕೆ ಎರಡು ಗಿಣ್ಣು ಮುಟ್ಟಿ ನೋಡಿ. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಒಂದು ಕಡೆಗೆ, ಇನ್ನೊಂದು ವಿರುದ್ಧ ಕಡೆಗೆ ಮಡಚಿ, ಮೇಲಿನದು ಹಿಮ್ಮಡಿಯಂತೆ ಚೂಪಾಗಿದ್ದರೆ ಹಿಂಗಾಲು. ಅಲ್ಲಿಗೇ ನಿಲ್ಲಬೇಡಿ. ಮುಂಗಾಲಾದರೆ ಅದನ್ನು ಹೆಗಲವರೆಗೆ, ಹೆಗಲಿನಿಂದ ಎದೆಯ ಮೇಲೆ ಹಾಯ್ದು ಇನ್ನೊಂದು ಕಾಲಿನವರೆಗೆ, ಮತ್ತೆ ಕುತ್ತಿಗೆಯವರೆಗೆ ಬೆರಳಲ್ಲೇ ಹಿಂಬಾಲಿಸಿ. ಎರಡು ಕಾಲೂ ತಲೆಯೂ ಒಂದೇ ಮರಿಯದು ಎಂದು ಖಾತ್ರಿಯಾಗುವವರೆಗೆ ಲಾಡಿ ಬಿಗಿಯಬಾರದು. ಮೊದಲು ನಮ್ಮ ಕಡೆಯ ಕುರಿಗಳಿಗೆ ಹೆಚ್ಚಾಗಿ ಒಂದೇ ಮರಿ, ಈ ತೊಡಕು ಕಡಿಮೆಯಿತ್ತು. ನಾರಿ ಸುವರ್ಣ ತಳಿ ಬಂದ ಹಟ್ಟಿಗಳಲ್ಲಿ ಅವಳಿ ಮಾಮೂಲು. ಒಂದರ ತಲೆ, ಇನ್ನೊಂದರ ಕಾಲು ಒಟ್ಟಿಗೇ ದಾರಿಗೆ ಬಂದಿರುತ್ತವೆ. ಆಗ ಹೊರಗಿಗೆ ಹತ್ತಿರವಿರುವ ಮರಿ ಯಾವುದೆಂದು ನೋಡಿ, ಇನ್ನೊಂದನ್ನು ಒಳಗೆ ತಳ್ಳಿ ಹಿಡಿದು, ಮೊದಲನೆಯದನ್ನು ತೆಗೆಯಬೇಕು.

ಒಂದು ಮುಂಗಾಲು ಹಿಂದೆ ಉಳಿದಿದ್ದರೆ ತಿದ್ದುವುದು ಸುಲಭ. ಸಿಕ್ಕಿರುವ ಕಾಲಿಗೂ ತಲೆಗೂ ಕುಣಿಕೆ ಹಾಕಿ, ಮರಿಯ ಎದೆ ತಳ್ಳಿ, ಮಡಚಿದ ಮೊಣಕಾಲನ್ನು ಮೇಲೆತ್ತಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಮುಂದಕ್ಕೆ ತನ್ನಿ. ಗೊರಸನ್ನು ಮುಚ್ಚುವುದು ಮರೆಯಬಾರದು, ಅದರ ತುದಿ ಗರ್ಭಕೋಶವನ್ನು ಸೀಳಬಲ್ಲದು. ತಲೆ ಪೂರ್ತಿ ಹೊರಬಂದು ಊದಿ, ನಾಲಿಗೆ ನೀಲಿಯಾಗಿದ್ದರೂ ಮರಿ ಸತ್ತಿದೆ ಎಂದುಕೊಳ್ಳಬೇಡಿ. ಕಣ್ಣಿನ ಅಂಚು ಮುಟ್ಟಿ, ನಾಲಿಗೆ ಚಿವುಟಿ ನೋಡಿ. ತಲೆಯನ್ನು ಒಳಗೆ ಕಳಿಸುವ ಮುಂಚೆ ಕುಣಿಕೆ ಹಾಕಲೇಬೇಕು, ಇಲ್ಲದಿದ್ದರೆ ಅದು ಪಕ್ಕಕ್ಕೆ ಹೊರಳಿ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಎರಡು ಕಾಲೂ ಬಂದು ತಲೆ ಪಕ್ಕೆಯ ಕಡೆ ತಿರುಗಿರುವುದು. ಇಲ್ಲಿ ಕಾಲು ಎಳೆದಷ್ಟೂ ಕುತ್ತಿಗೆ ಬಾಗುತ್ತದೆ. ಎರಡು ಕಾಲಿಗೂ ಗೊರಸಿನ ಮೇಲಿನ ಗಿಣ್ಣಿಗಿಂತ ಮೇಲೆ ಜೀರುಗುಣಿಕೆ ಹಾಕಿ, ಲಾಡಿಯ ತುದಿ ಹೊರಗೆ ಬಿಟ್ಟು, ಕಾಲುಗಳನ್ನು ಒಳಗೇ ಕಳಿಸಿ. ಸಿರಿಂಜಿಗೆ ನಳಿಗೆ ಸಿಕ್ಕಿಸಿ ನೂರು ಎಂಎಲ್ ಎಣ್ಣೆಯನ್ನು ಮರಿಯ ಮೈಸುತ್ತ ಬಿಡಿ. ಎದೆ ತಳ್ಳುತ್ತ ಕುತ್ತಿಗೆ ಯಾವ ಕಡೆ ಬಾಗಿದೆ ಎಂದು ಹುಡುಕಿ, ಮೂತಿಯನ್ನು ಅಂಗೈಯಲ್ಲಿ ಹಿಡಿದು ಮುಂದಕ್ಕೆ ತಿರುಗಿಸಿ. ಕೈ ಜಾರುತ್ತಿದ್ದರೆ ವೈರಿನ ಕುಣಿಕೆ ಎರಡು ಕಿವಿಯ ಹಿಂದೆ ಹಾದು ಬಾಯೊಳಗೆ ಬರುವಂತೆ ಹಾಕಿ. ಕುತ್ತಿಗೆಗೆ ಬಿಗಿದರೆ ಉಸಿರು ಕಟ್ಟುತ್ತದೆ, ಕೆಳದವಡೆಗೆ ಮಾತ್ರ ಹಾಕಿ ಎಳೆದರೆ ದವಡೆ ಮುರಿಯುತ್ತದೆ.

ಹಿಂಗಾಲು ಎರಡೂ ಮೊದಲು ಬಂದಿದ್ದರೆ ಮರಿಯನ್ನು ತಿರುಗಿಸುವ ಸಾಹಸ ಬೇಡ, ಹಾಗೇ ತೆಗೆಯಬಹುದು. ಬಾಲದ ಬುಡ ಹೊರಬರುವವರೆಗೆ ನಿಧಾನ, ಆಮೇಲೆ ನಿಲ್ಲದೆ ಬೇಗ. ಹೊಕ್ಕುಳಬಳ್ಳಿ ಸೊಂಟದ ಮೂಳೆಗೆ ಅದುಮಿದಾಗ ಮರಿ ಒಳಗೇ ಉಸಿರೆಳೆದು ನೀರು ಕುಡಿಯುತ್ತದೆ. ಬರೀ ಬಾಲ ಸಿಕ್ಕರೆ ಪೃಷ್ಠವನ್ನು ಒಳಕ್ಕೆ ತಳ್ಳಿ, ಹಿಮ್ಮಡಿ ಮಡಚಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಒಂದೊಂದೇ ಕಾಲನ್ನು ಹೊರಗೆ ತರಬೇಕು. ಈ ಭಂಗಿಯಲ್ಲಿ ಕುರಿ ಹೆಚ್ಚಾಗಿ ಜೋರಾಗಿ ತಿಣುಕುವುದಿಲ್ಲ, ಹಾಗಾಗಿ ಎಷ್ಟೋ ಸಲ ಗಮನಕ್ಕೆ ಬರುವಾಗಲೇ ತಡವಾಗಿರುತ್ತದೆ.

ಭಂಗಿ ಸರಿಯಾದ ಮೇಲೆ ಎಳೆತ ಒಬ್ಬರ ಕೈಬಲದ್ದು ಮಾತ್ರ, ಅದೂ ಕುರಿ ತಿಣುಕಿದಾಗ. ನೇರಕ್ಕಲ್ಲ, ಕೆಚ್ಚಲಿನ ಕಡೆಗೆ ಬಾಗಿಸಿ ಎಳೆಯಿರಿ. ಹೆಗಲು ಸಿಕ್ಕಿಕೊಂಡರೆ ಒಂದು ಕಾಲು ಸ್ವಲ್ಪ, ಆಮೇಲೆ ಇನ್ನೊಂದು ಸ್ವಲ್ಪ ಎಂದು ಹಿಂದೆಮುಂದೆ ಮಾಡಿದರೆ ಹೆಗಲು ಓರೆಯಾಗಿ ದಾಟುತ್ತದೆ. ಇಬ್ಬರು ಸೇರಿ ಜಗ್ಗಬೇಕಾದರೆ ಅದು ನಿಮ್ಮ ಕೆಲಸವಲ್ಲ, ಶಸ್ತ್ರಚಿಕಿತ್ಸೆಯದು. ಚಿಕ್ಕ ಮೈಯ ಚೊಚ್ಚಲ ಕುರಿಗೆ ದೊಡ್ಡ ಮೈಯ ಡಾರ್ಪರ್ ತಳಿಯ ಟಗರು ಬಿಟ್ಟವರು ಇದನ್ನು ಮೊದಲೇ ಯೋಚಿಸಿರಬೇಕು. 15-20 ನಿಮಿಷದಲ್ಲಿ ಏನೂ ಮುಂದುವರಿಯದಿದ್ದರೆ, ಗರ್ಭದ ಬಾಯಿ ಎರಡೇ ಬೆರಳು ಹಿಡಿಸುವಷ್ಟು ಬಿಗಿಯಾಗಿದ್ದರೆ, ಕೆಂಪು ರಕ್ತ ಸುರಿದರೆ, ಮರಿ ಸತ್ತು ಉಬ್ಬಿದ್ದರೆ ಪಶುವೈದ್ಯರನ್ನು ಕರೆಯಿರಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ.

ಬೇನೆ ಬರಲಿ ಎಂದು ಆಕ್ಸಿಟೋಸಿನ್ ಚುಚ್ಚುವ ಚಟವೊಂದಿದೆ. ಬಾಯಿ ತೆರೆಯದ, ಮರಿ ಅಡ್ಡ ಬಿದ್ದ ಕುರಿಗೆ ಅದನ್ನು ಕೊಡುವುದೆಂದರೆ ಮುಚ್ಚಿದ ಬಾಗಿಲಿಗೆ ಮರಿಯನ್ನು ಗುದ್ದಿಸಿದಂತೆ, ಗರ್ಭಕೋಶವೇ ಒಡೆಯಬಹುದು. ಅವಳಿ ಹೊತ್ತು ಸೊರಗಿದ ಕುರಿ ತಿಣುಕದಿದ್ದರೆ ಕಾರಣ ಸುಣ್ಣದ ಅಂಶದ ಕೊರತೆಯೂ ಆಗಿರಬಹುದು, ಅದಕ್ಕೆ ಮದ್ದೇ ಬೇರೆ.

ಮರಿ ಬಿದ್ದ ಕೂಡಲೇ ಮೂಗು ಬಾಯಿಯ ಲೋಳೆ ಒರೆಸಿ, ಮೂಗಿನೊಳಗೆ ಒಂದು ಹುಲ್ಲುಕಡ್ಡಿ ಆಡಿಸಿ ಸೀನಿಸಿ, ಎದೆಯ ಮೇಲೆ ಕೂರಿಸಿ ಬಟ್ಟೆಯಿಂದ ಉಜ್ಜಿ. ಹಿಂಗಾಲು ಹಿಡಿದು ಗಿರಗಿರ ತಿರುಗಿಸುವುದರಿಂದ ಲಾಭಕ್ಕಿಂತ ಅಪಾಯ ಹೆಚ್ಚು. ಹೊಕ್ಕುಳನ್ನು ಬುಡದವರೆಗೆ ಟಿಂಚರಿನಲ್ಲಿ ಅದ್ದಿ, ಮೇಲೆ ಸವರಿದರೆ ಸಾಲದು. ಮೊಲೆತೊಟ್ಟಿನ ಬಿರಡೆಯಂಥ ಗಟ್ಟಿ ಹಾಲನ್ನು ಕರೆದು ತೆಗೆದು ಗಿಣ್ಣು ಹಾಲು ಕುಡಿಸಿ. ಕಿಲೋ ತೂಕಕ್ಕೆ 50 ಎಂಎಲ್‌ನಂತೆ ಮೊದಲ ಎರಡು ಗಂಟೆಯೊಳಗೆ, ದಿನಕ್ಕೆ ಕಿಲೋಗೆ 200 ಎಂಎಲ್. ಎರಡೂವರೆ ಕಿಲೋ ಮರಿಗೆ ಮೊದಲ ಸಲ 125 ಎಂಎಲ್, ದಿನದಲ್ಲಿ ಅರ್ಧ ಲೀಟರ್. ಮೈ ತಣ್ಣಗಾಗಿ ಚೀಪಲಾರದ ಮರಿಯ ಬಾಯಿಗೆ ಹಾಲು ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ಒಣಗಿಸಿ ಬೆಚ್ಚಗೆ ಮಾಡಿ, ತಲೆ ಎತ್ತಿ ನುಂಗಲು ಶುರುಮಾಡಿದ ಮೇಲೆ ಕುಡಿಸಿ.

ಇನ್ನೊಂದು ಮರಿ ಉಳಿದಿದೆಯೇ ಎಂದು ಕೈ ಹಾಕಿ ನೋಡಿಯೇ ಏಳಬೇಕು. ಕೈ ಹಾಕಿದ ಪ್ರತಿ ಕುರಿಗೂ ಆಂಟಿಬಯೋಟಿಕ್ ಬೇಕೇ, ಎಷ್ಟು ದಿನ ಎಂದು ವೈದ್ಯರನ್ನು ಅದೇ ದಿನ ಕೇಳಿ. ಕಸ ಎರಡು ಮೂರು ಗಂಟೆಯಲ್ಲಿ ಬೀಳುತ್ತದೆ. ಜೋತುಬಿದ್ದರೆ ಎಳೆಯಬೇಡಿ, ಕಲ್ಲು ಕಟ್ಟಬೇಡಿ. 12 ಗಂಟೆ ದಾಟಿದರೆ, ಅಥವಾ ಮುಂದಿನ ಮೂರು ದಿನದಲ್ಲಿ ನಾರುವ ಕಂದು ಸ್ರಾವ, ಮೇವು ಬಿಡುವುದು, ಜ್ವರ 104 ಡಿಗ್ರಿ ದಾಟುವುದು ಕಂಡರೆ ತಕ್ಷಣ ತೋರಿಸಿ. ಬಿದ್ದ ಕಸವನ್ನು, ಸತ್ತ ಮರಿಯನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿ, ಹಟ್ಟಿಯ ನಾಯಿಗೆ ಹಾಕಬೇಡಿ.